ಹೊಗೆ ಪುಸ್ತಕ

ಮನೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ. ಚೆನ್ನಾಗಿಲ್ಲದಿದ್ದರೂ ಹೇಳಿಕೊಳ್ಳುವವಳಲ್ಲ ನೀನು, ಅದೂ ಗೊತ್ತು. ಈ ಪತ್ರ ಒಂದು ತಿಂಗಳ ಹಿಂದೆಯೇ ನಿನ್ನ ಕೈ ಸೇರಬೇಕಿತ್ತು. ಬರೆಯಲು ಅಪ್ಪ ಹೇಳಿ ಅಷ್ಟು ದಿನವಾಯಿತು. ಐದು ಸಲ ಶುರು ಮಾಡಿದೆ, ಐದು ಸಲವೂ ‘ನಾವೆಲ್ಲ ಚೆನ್ನಾಗಿದ್ದೇವೆ’ ಎಂಬಲ್ಲಿಗೆ ನಿಂತುಬಿಟ್ಟೆ. ಅಮ್ಮ ಕಸದ ಬುಟ್ಟಿಯಲ್ಲಿದ್ದ ಹಾಳೆಗಳನ್ನು ಬಿಡಿಸಿ ನೋಡಿ, “ಒಂದು ಮನೆಯವರು ಇಷ್ಟೊಂದು ಸಲ ಚೆನ್ನಾಗಿರಬಾರದು ಕಣೇ, ದೃಷ್ಟಿ ತಾಗುತ್ತೆ” ಅಂದಳು.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ‘ಹೂಂ’, ‘ಊಹೂಂ’ ಬಿಟ್ಟರೆ ನನ್ನ ಬಾಯಿಂದ ಮೂರನೆಯ ಮಾತು ಹೊರಡುವುದಿಲ್ಲ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೋದ ವರ್ಷ ನೀನು ಕಳಿಸಿದ ಪೆನ್ನಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ‘ಮಾತಾಡದಿದ್ದರೆ ಹೋಗಲಿ, ಬರಿ’ ಎಂಬ ನಿನ್ನ ಚೀಟಿ ಇನ್ನೂ ಅದರ ಪೆಟ್ಟಿಗೆಯಲ್ಲಿದೆ. ಅದಕ್ಕೆ ಒಂದು ಸಾಲಿನ ಉತ್ತರವನ್ನೂ ಹಾಕಲಿಲ್ಲ. ಅದಕ್ಕೂ ಸೇರಿಸಿ ಕ್ಷಮೆ ಕೇಳುತ್ತೇನೆ.

ಮೊದಲು ಸಣ್ಣಪುಟ್ಟ ಸುದ್ದಿ. ಕಾರ್ಖಾನೆಯ ಮೂಲೆಯಲ್ಲಿ ಸೋರುತ್ತಿದ್ದ ತಗಡನ್ನು ಬದಲಾಯಿಸಿದೆವು. ಈಗ ಪಕ್ಕದ ತಗಡು ಸೋರುತ್ತಿದೆ. ಅಚ್ಚಣ್ಣನ ಮಂಡಿನೋವು ಹಾಗೇ ಇದೆ. ಅಚ್ಚಿಗೆ ಮಣ್ಣು ಒತ್ತುವಾಗ ಮಾತ್ರ ಅದು ಮರೆತುಹೋಗುತ್ತದಂತೆ, ಅದಕ್ಕೇ ರಜೆಯ ದಿನವೂ ಬಂದು ನಾಲ್ಕು ಇಟ್ಟಿಗೆ ಒತ್ತಿ ಹೋಗುತ್ತಾನೆ. ಮೂವತ್ತು ವರ್ಷ ಇಟ್ಟಿಗೆಯ ಅಚ್ಚು ಹಿಡಿದವನಿಗೆ ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಇಟ್ಟ ಹೆಸರು ಅದು. ಈಗ ಅವನ ಮೊಮ್ಮಕ್ಕಳೂ ಅವನನ್ನು ಹಾಗೆಯೇ ಕರೆಯುತ್ತವೆ.

ಗಿರಾಕಿಗಳು ಬಂದರೆ ಅಪ್ಪನದು ಅದೇ ಹಳೆಯ ಆಟ. ಹಗುರ ಇಟ್ಟಿಗೆಯ ಒಂದು ಮೈಗೆ ಗ್ಯಾಸಿನ ಉರಿ ಹಿಡಿಯುವುದು, ಅದು ಕೆಂಡದ ಬಣ್ಣಕ್ಕೆ ಬಂದಾಗ ಇನ್ನೊಂದು ಮೈಗೆ ತಮ್ಮ ಅಂಗೈ ಒತ್ತಿಕೊಂಡು ಆರಾಮವಾಗಿ ಮಾತಾಡುತ್ತ ನಿಲ್ಲುವುದು. ಹೋದ ವಾರ ಹೊಸಬರೊಬ್ಬರು ಇದನ್ನು ನೋಡಿ ಬೆಕ್ಕಸ ಬೆರಗಾಗಿ, “ಇದರೊಳಗೆ ಅಂಥದ್ದೇನು ಹಾಕ್ತೀರಿ?” ಎಂದು ಕೇಳಿದರು.

“ಹಾಕೋದಲ್ಲ ಸ್ವಾಮಿ, ತೆಗೆಯೋದು. ಮಣ್ಣಿಗೆ ಮರದ ಹೊಟ್ಟು ಕಲಸಿ ಸುಡ್ತೀವಿ. ಹೊಟ್ಟು ಉರಿದುಹೋಗುತ್ತೆ, ಅದಿದ್ದ ಜಾಗ ತೂತಾಗಿ ಉಳಿಯುತ್ತೆ. ತೂತಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ, ಅದನ್ನ ದಾಟಿ ಬರೋಕೆ ಶಾಖಕ್ಕೆ ಸುಸ್ತು. ನಾವು ಮಾರೋದು ತೂತು. ಮಣ್ಣು ಬರೀ ಅದರ ಪೊಟ್ಟಣ.”

“ಹಾಗಾದ್ರೆ ಪೊಟ್ಟಣಕ್ಕಷ್ಟೇ ಬೆಲೆ ಹಾಕಿ,” ಅಂದರು ಆತ.

ಅಪ್ಪ ಚೆನ್ನಾಗಿ ನಕ್ಕರು. ಆತ ಹೋದ ಮೇಲೆ ಬರ್ನರ್ ಆರಿಸುತ್ತ, “ಈ ತೂತಿನ ಮಾತು ಮೊದಲು ಹೇಳಿದ್ದು ಅವಳು,” ಅಂದರು. ಮೂರು ವರ್ಷದಿಂದ ನಿನ್ನ ಹೆಸರು ಅಪ್ಪನ ಬಾಯಲ್ಲಿ ಬಂದಿಲ್ಲ. ಬರೀ ‘ಅವಳು’. ಅಮ್ಮನನ್ನೂ ನನ್ನನ್ನೂ ಹೆಸರು ಹಿಡಿದೇ ಕರೆಯುವುದರಿಂದ ಯಾವ ‘ಅವಳು’ ಎಂದು ಮನೆಯಲ್ಲಿ ಯಾರೂ ಕೇಳಬೇಕಾಗಿಲ್ಲ.

ನೀನು ತಿಂಗಳಿಗೊಮ್ಮೆ ಅಮ್ಮನಿಗೆ ಫೋನ್ ಮಾಡುತ್ತೀಯಲ್ಲ, ಆಗೆಲ್ಲ ಅಪ್ಪ ಅದೇ ಕೋಣೆಯಲ್ಲಿ ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಿರುತ್ತಾರೆ. ಆ ಗಡಿಯಾರಕ್ಕೆ ಬ್ಯಾಟರಿ ಹಾಕಿಸಿ ಎಂಟು ವರ್ಷವಾಯಿತು. ಅಮ್ಮ ಫೋನಿಟ್ಟ ಮೇಲೆ ನಿನ್ನ ಸುದ್ದಿಯನ್ನೆಲ್ಲ ಗೋಡೆಗೆ ಒಪ್ಪಿಸುವವಳಂತೆ ಗಟ್ಟಿಯಾಗಿ ಹೇಳುತ್ತಾಳೆ. ಟೈಲ್ಸ್ ಕಾರ್ಖಾನೆಯಲ್ಲಿ ನೀನು ಬಿರುಕು ಬಿಟ್ಟ ಮಾಲು ಬೇರ್ಪಡಿಸುವ ಕಡೆಯೇ ಇದ್ದೀಯ ಎಂದು ನಮಗೆ ತಿಳಿದದ್ದು ಹಾಗೆ. ಮಣ್ಣಿನ ಮಿಶ್ರಣದ ವಿಭಾಗಕ್ಕೆ ಅವರಾಗಿ ಕರೆದರೂ ‘ಮಣ್ಣು ನನ್ನ ಕೈಗೆ ಒಗ್ಗಲ್ಲ’ ಎಂದು ಹೋಗಲಿಲ್ಲವಂತೆ. ಅಮ್ಮ ಅದನ್ನು ಹೇಳಿದಾಗ ಅಪ್ಪನ ಕೈ ಗಡಿಯಾರದ ಮೇಲೇ ನಿಂತಿತು. ನಾನು ಎದ್ದು ಒಳಗೆ ಹೋದೆ.

ಇನ್ನು ದೊಡ್ಡ ಸುದ್ದಿ. ಅಕ್ಕಾ, ನಿನ್ನ ಇಟ್ಟಿಗೆ ತೇಲಿತು.

ಓದು ಮುಗಿಸಿ ಬಂದ ಹೊಸದರಲ್ಲಿ ನೀನು ಅಪ್ಪನ ಬೆನ್ನು ಬಿದ್ದದ್ದು ನೆನಪಿದೆಯೇ? ಹೊಟ್ಟನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿಯೋಣ, ಈಗ ಹಾಕುವುದಕ್ಕಿಂತ ಅರ್ಧದಷ್ಟು ಜಾಸ್ತಿ ಹಾಕೋಣ, ಆಗ ದೊಡ್ಡ ದೊಡ್ಡ ಗುಂಡಿಗಳ ಬದಲು ಸಾಸಿವೆಗಿಂತ ಚಿಕ್ಕ ತೂತುಗಳು ಬರುತ್ತವೆ, ಇಟ್ಟಿಗೆ ಹಗುರವಾಗುತ್ತದೆ, ಶಾಖವನ್ನೂ ಇನ್ನಷ್ಟು ತಡೆಯುತ್ತದೆ ಎನ್ನುತ್ತಿದ್ದೆ. ಅಪ್ಪ, “ಇಟ್ಟಿಗೆ ಮಾಡ್ತೀಯೋ ಬ್ರೆಡ್ಡು ಮಾಡ್ತೀಯೋ?” ಅಂದಿದ್ದರು. “ನೀರಲ್ಲಿ ತೇಲಿಸಿ ತೋರಿಸ್ತೀನಪ್ಪ” ಅಂದೆ ನೀನು. “ತೇಲಿದ ದಿನ ಕಾರ್ಖಾನೆಯ ಬೀಗದಕೈ ನಿನ್ನ ಕೈಗೆ,” ಅಂದರು ಅಪ್ಪ. ಅಚ್ಚಣ್ಣ ಮಧ್ಯೆ ಬಾಯಿ ಹಾಕಿ, “ಮುಳುಗಿದ್ರೆ ಜರಡಿ ಯಜಮಾನ್ರ ಕೈಗೆ” ಅಂದಿದ್ದ.

ಆರು ತಿಂಗಳಿಂದ ಅಪ್ಪ ಭಾನುವಾರಗಳಲ್ಲಿ ಪರೀಕ್ಷೆಯ ಸಣ್ಣ ಗೂಡಿನ ಮುಂದೆ ಒಬ್ಬರೇ ಕೂರುತ್ತಿದ್ದರು. ಏನು ಮಾಡುತ್ತಿದ್ದಾರೆ ಎಂದು ಯಾರಿಗೂ ಹೇಳಲಿಲ್ಲ. ಒಂದು ದಿನ ಅಮ್ಮ ಕಾಫಿ ಕೊಂಡುಹೋದಾಗ ನೀನು ಬಿಟ್ಟುಹೋದ ನೀಲಿ ನೋಟ್‌ಬುಕ್ಕು ಅವರ ತೊಡೆಯ ಮೇಲಿತ್ತಂತೆ. ಕಣ್ಣು ಈಗ ಮೊದಲಿನಂತಿಲ್ಲ, ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದುತ್ತಿದ್ದರಂತೆ. ನಿನ್ನ ಜರಡಿ, ನಿನ್ನ ಅಳತೆ, ನೀನು ಹೇಳಿದಷ್ಟೇ ದಿನ ನೆರಳಿನಲ್ಲಿ ಒಣಗಿಸುವುದು. ಒಂದು ಸಲಕ್ಕೆ ಹತ್ತು ಇಟ್ಟಿಗೆ. ಒಳಗಿನ ಹೊಟ್ಟು ಉರಿದು ಮುಗಿಯುವ ತನಕ, ಅಂದರೆ ಚಿಮಣಿಯ ಹೊಗೆ ಪೂರ್ತಿ ನಿಲ್ಲುವ ತನಕ, ಉರಿ ಏರಿಸಕೂಡದು ಎಂದು ನೀನು ಕೆಂಪು ಗೆರೆ ಎಳೆದು ಬರೆದಿದ್ದೀಯಲ್ಲ, ಅದನ್ನೂ ಚಾಚೂ ತಪ್ಪದೆ ಪಾಲಿಸಿದರು. ಸಣ್ಣ ಗೂಡಿನ ಚಿಮಣಿ ಮೋಟು. ಕೂತಲ್ಲಿಂದಲೇ ಹೊಗೆ ಕಾಣುತ್ತದೆ.

ಜನವರಿಯ ಕೊನೆಯ ಭಾನುವಾರ ಬೆಳಿಗ್ಗೆ ನಮ್ಮನ್ನೆಲ್ಲ ಕೂಗಿದರು. ಬಚ್ಚಲಿನ ನೀಲಿ ಬಕೆಟ್ಟನ್ನು ಅಂಗಳದ ನಡುವೆ ಇಟ್ಟಿದ್ದರು. ತುಂಬ ನೀರು. ಒಂದು ಇಟ್ಟಿಗೆಯನ್ನು, ಎಳೆಕೂಸಿಗೆ ಸ್ನಾನ ಮಾಡಿಸುವವರಂತೆ ಎರಡೂ ಕೈಯಲ್ಲಿ ಹಿಡಿದು, ನೀರಿಗೆ ಬಿಟ್ಟರು. ಅದು ಒಂದು ಸಲ ಅತ್ತಿತ್ತ ವಾಲಿ, ಮೇಲೇ ನಿಂತಿತು. ಚಿರ್ ಚಿರ್ ಎಂದು ಗುಳ್ಳೆ ಬಿಡುತ್ತ, ನಿಧಾನವಾಗಿ ನೀರು ಕುಡಿಯುತ್ತ ಎಷ್ಟೋ ಹೊತ್ತು ತೇಲಿತು. ಅಚ್ಚಣ್ಣ ಮಂಡಿನೋವು ಮರೆತು ಕುಕ್ಕರಗಾಲಲ್ಲಿ ಕೂತು, “ಜರಡಿ ಯಜಮಾನ್ರಿಗೆ ತಪ್ಪಿತು ನೋಡಿ” ಅಂದ. ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಪ್ಪ ಬಕೆಟ್ಟಿನ ಅಂಚು ಹಿಡಿದುಕೊಂಡೇ, “ಅವಳು ನೋಡಬೇಕಿತ್ತು” ಅಂದರು.

ಇಟ್ಟಿಗೆ ಮುಳುಗಿತು. ಅದನ್ನು ತೆಗೆಯಲು ಯಾರೂ ಕೈ ಹಾಕಲಿಲ್ಲ. ಅಪ್ಪ ತಮಗೇ ಕೇಳಿಕೊಳ್ಳುವಂತೆ, “ಹಾಗಾದ್ರೆ ಆವತ್ತು ಏನಾಯ್ತು?” ಅಂದರು.

ಮೂರು ವರ್ಷದ ಹಿಂದಿನ ಆ ದಿನದ್ದು ನನಗೆ ಒಂದೊಂದು ಗಳಿಗೆಯೂ ನೆನಪಿದೆ. ನಿನ್ನ ಮಿಶ್ರಣದಲ್ಲಿ ಮೊದಲ ಸಲ ದೊಡ್ಡ ಗೂಡನ್ನೇ ತುಂಬಿದ್ದೆವು. ಎಲ್ಲವೂ ಗಾಜಿನ ಕಾರ್ಖಾನೆಯ ಹೊಸ ಕುಲುಮೆಗೆ ಒಪ್ಪಿಕೊಂಡ ಮಾಲು. ನೀನು ಕುಲುಮೆಯ ಅಳತೆ ತೆಗೆಯಲು ಬೆಳಿಗ್ಗೆಯೇ ಅಲ್ಲಿಗೆ ಹೋಗಿದ್ದೆ. ಅಪ್ಪ ಬರ್ನರಿನ ಮುಂದೆ. ಅಲ್ಲಿ ನಿಂತವರಿಗೆ ತಗಡಿನ ಮಾಡು ಅಡ್ಡ ಬಂದು ಚಿಮಣಿಯ ಬಾಯಿ ಕಾಣುವುದಿಲ್ಲ. ಅದು ಕಾಣುವುದು ಹಿಂದಿನ ಕಲ್ಲು ಬೆಂಚಿನಿಂದ ಮಾತ್ರ. ಅಲ್ಲಿ ನಾನು, ನನ್ನ ತೊಡೆಯ ಮೇಲೆ ಹೊಗೆ ಪುಸ್ತಕ. ಅರ್ಧ ಗಂಟೆಗೊಮ್ಮೆ ತಲೆ ಎತ್ತಿ ಹೊಗೆಯ ಬಣ್ಣ, ದಪ್ಪ ಬರೆದು, ಅಪ್ಪ ಕೇಳಿದಾಗ ಪುಸ್ತಕವನ್ನು ಅವರ ಕಣ್ಣೆದುರು ಹಿಡಿಯಬೇಕು. ಬೇರೆ ಯಾರಾದರೂ ಆಗಿದ್ದರೆ ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದರು. ನಾನು ಕೂಗುವವಳಲ್ಲವಲ್ಲ.

‘ಸಾಹಿತ್ಯ ಓದಿದೋಳಿಗೆ ಹೊಗೆ ನೋಡೋ ಕೆಲಸ’ ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ನನಗೆ ಅದು ಇಷ್ಟವಾಗಿತ್ತು. ‘ಒಗೆದು ಒಗೆದು ಮಾಸಿದ ದಿಂಬಿನ ಬಣ್ಣ’, ‘ಅಕ್ಕಿ ತೊಳೆದ ನೀರು, ಮೂರನೇ ಸಲದ್ದು’ ಎಂದೆಲ್ಲ ಬರೆಯುತ್ತಿದ್ದೆ. “ಇದು ಹೊಗೆ ಪುಸ್ತಕವೋ ಪ್ರೇಮಪತ್ರವೋ?” ಎಂದು ಅಪ್ಪ ರೇಗಿಸುತ್ತಿದ್ದರು. ನೀನು ಮಾತ್ರ, “ಇರಲಿ ಬಿಡಪ್ಪ. ಇವಳ ಪುಸ್ತಕ ಓದಿದ್ರೆ ಶಾಖದ ಮೀಟರ್ ನೋಡೋದೇ ಬೇಡ” ಅನ್ನುತ್ತಿದ್ದೆ.

ಎರಡು ದಿನ ಆರಿದ ಮೇಲೆ ಗೂಡಿನ ಬಾಗಿಲು ತೆಗೆದಾಗ ಏನಿತ್ತು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಬಿರುಕು ಬಿಡದ ಇಟ್ಟಿಗೆ ಒಂದೂ ಇರಲಿಲ್ಲ. ಅಪ್ಪ ಒಂದನ್ನು ಸುತ್ತಿಗೆಯಿಂದ ಒಡೆದರು. ಹೊರಗೆ ಕೆನೆಬಣ್ಣ, ಒಳಗೆ ಕರಿ. ಹೊಟ್ಟು ಉರಿದು ಮುಗಿಯುವ ಮೊದಲೇ ಉರಿ ಏರಿದರೆ ಹೊರಮೈ ಮುಚ್ಚಿಕೊಂಡು ಹೊಗೆ ಒಳಗೇ ಸಿಕ್ಕಿಬೀಳುತ್ತದೆ, ಸೀಳಿಕೊಂಡು ಬರುತ್ತದೆ ಎಂದು ನೀನೇ ನನಗೆ ಕಲಿಸಿದ್ದು. ಅದನ್ನೇ ನೀನು ಅಂದೆ: “ಅಪ್ಪ, ಹೊಗೆ ನಿಲ್ಲೋ ಮೊದಲೇ ಉರಿ ಏರಿಸಿದ್ದೀರಿ.”

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಪುಸ್ತಕ ತಗೊಂಡು ಬಾರೇ” ಎಂದು ನನಗೆ ಹೇಳಿದರು. ಎಲ್ಲರೆದುರು ಬೆರಳಿಟ್ಟು ಓದಿದರು. “ನೋಡು. ಎರಡೂವರೆಗೆ ತೆಳು. ಮೂರಕ್ಕೆ ಇನ್ನೂ ತೆಳು. ಮೂರೂವರೆಗೆ ಹೊಗೆಯೇ ಇಲ್ಲ. ಆಮೇಲೇ ನಾನು ಕೈ ಹಾಕಿದ್ದು. ತಪ್ಪು ಬೆಂಕಿಯದಲ್ಲ ಕಣಮ್ಮ, ನಿನ್ನ ಪುಡಿಯದು. ಕಾಲೇಜಿನ ಇಟ್ಟಿಗೆ ಕಾಲೇಜಲ್ಲೇ ತೇಲಲಿ.”

ನೀನು ಪುಸ್ತಕ ತೆಗೆದುಕೊಂಡು ನೋಡಿದೆ. ಆಮೇಲೆ ನನ್ನನ್ನು ನೋಡಿದೆ. ಕೋಪದಿಂದಲ್ಲ. “ಇವಳು ಬರೆದಿದ್ದಾದ್ರೆ ಸರಿಯಾಗೇ ಇರುತ್ತೆ” ಅಂದೆ. ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟೆ. ಆ ವಾರವೇ ಹೊರಟೆ.

ಬಕೆಟ್ಟಿನ ಮುಂದೆ ಕೂತು ಅಪ್ಪ ತಾವೇ ಉತ್ತರ ಹುಡುಕಿಕೊಂಡರು. ಮಿಶ್ರಣ ಸರಿ. ಪುಸ್ತಕವೂ ಸರಿ. ಉಳಿದದ್ದು ಅವರ ಕೈ. “ಮೀಟರ್ ತಪ್ಪು ಓದಿರ್ಬೇಕು ನಾನು. ಆಗಲೇ ಕಣ್ಣು ಮಂಜಾಗ್ತಿತ್ತು, ಒಪ್ಕೊಂಡಿರಲಿಲ್ಲ. ಒಂದು ಸುತ್ತು ತಿರುಗಿಸೋ ಕಡೆ ಎರಡು ಸುತ್ತು ತಿರುಗಿಸಿಬಿಟ್ಟಿದ್ದೀನಿ. ಮಗಳ ಮೇಲೆ ಹಾಕಿದೆ.” ಅಮ್ಮ ಸಮಾಧಾನ ಹೇಳಲು ಹೋದಳು, ಕೇಳಲಿಲ್ಲ. ಮಾರನೆಯ ದಿನದಿಂದ ದೊಡ್ಡ ಗೂಡಿನ ಬರ್ನರ್ ಮುಟ್ಟಿಲ್ಲ. ಅಚ್ಚಣ್ಣನೇ ಉರಿ ನೋಡುತ್ತಾನೆ, ನಡುಗುತ್ತ ನಡುಗುತ್ತ. ಅಪ್ಪ ನೆರಳಿನಲ್ಲಿ ಕೂತು ಇಟ್ಟಿಗೆಗಳ ಅಂಚು ಉಜ್ಜುತ್ತಾರೆ. ಮೊನ್ನೆ ಅಚ್ಚಣ್ಣ ನನ್ನ ಹತ್ತಿರ ಬಂದು, “ಯಜಮಾನ್ರು ಉರಿ ಬಿಟ್ಟರೆ ಉಪ್ಪಿಲ್ಲದ ಊಟದ ಹಾಗೆ ಕಣಮ್ಮ. ನೀನಾದ್ರೂ ಹೇಳು” ಅಂದ. ಏನು ಹೇಳಲಿ?

ಗಾಜಿನ ಕಾರ್ಖಾನೆಯವರು ಈಗ ಇನ್ನೊಂದು ಕುಲುಮೆ ಕಟ್ಟುತ್ತಿದ್ದಾರೆ. ತೇಲುವ ಇಟ್ಟಿಗೆಯ ಸುದ್ದಿ ಅಚ್ಚಣ್ಣನ ಬಾಯಿಂದ ಅವರ ತನಕ ಹೋಗಿದೆ. ಬರುವ ತಿಂಗಳ ಮೊದಲ ಸೋಮವಾರ ನಿನ್ನ ಮಿಶ್ರಣದಲ್ಲಿ ದೊಡ್ಡ ಗೂಡು ತುಂಬಿಸುವುದೆಂದು ಅಪ್ಪ ನಿರ್ಧರಿಸಿದ್ದಾರೆ. ಬೆಂಕಿ ಹಚ್ಚಲು ನೀನು ಬರಬೇಕು. ಬೀಗದಕೈಯನ್ನು ತಮ್ಮ ಸೊಂಟದಿಂದ ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಾರೆ. ಯಾರೂ ಮುಟ್ಟುವ ಹಾಗಿಲ್ಲ.

ನನ್ನನ್ನು ಕೂರಿಸಿಕೊಂಡು ಹೇಳಿದರು: “ನೀನು ಓದಿದೋಳು. ನನ್ನ ಪರವಾಗಿ ಚೆನ್ನಾಗಿ ಬರಿ. ತಪ್ಪು ಅಪ್ಪಂದು ಅಂತ ಬರಿ. ಸುತ್ತಿ ಬಳಸಿ ಬರೀಬೇಡ, ನೇರವಾಗಿ ಬರಿ. ಬರೆದ ಮೇಲೆ ಕೊನೇ ಅಕ್ಷರದ ತನಕ ನನಗೆ ಓದಿ ಹೇಳು. ಕೇಳಿ ಆದ ಮೇಲೆ ಲಕೋಟೆ ಮೇಲೆ ಅವಳ ಹೆಸರು, ವಿಳಾಸ ನಾನೇ ಬರೀತೀನಿ. ಎಷ್ಟು ಸೊಟ್ಟಗೆ ಬಂದ್ರೂ ಸರಿ.”

ಅವರು ಹೇಳಿದ್ದನ್ನು ಬರೆದಿದ್ದೇನೆ.

ನಿನ್ನ ಕೋಣೆಯನ್ನು ಅಮ್ಮ ನಿನ್ನೆಯೇ ಗುಡಿಸಿದ್ದಾಳೆ. ನಾನು ಅಲ್ಲಿಟ್ಟಿದ್ದ ಪುಸ್ತಕಗಳನ್ನೆಲ್ಲ ಹೊರಗೆ ಸಾಗಿಸಿ, “ಕವಿಗಳೆಲ್ಲ ಜಾಗ ಖಾಲಿ ಮಾಡಿ, ಮನೆಯವಳು ಬರ್ತಾಳೆ” ಎಂದು ಅವಕ್ಕೇ ಹೇಳುತ್ತಿದ್ದಳು. ಅಪ್ಪ, ಅಮ್ಮ ಇಬ್ಬರೂ ತುಂಬು ಹೃದಯದ ಆಶೀರ್ವಾದ ತಿಳಿಸಿದ್ದಾರೆ. ನಿನ್ನ ಕೈಗೆ ಮತ್ತೆ ಮಣ್ಣು ಹತ್ತಲಿ, ಮುಟ್ಟಿದ್ದೆಲ್ಲ ಹಗುರವಾಗಲಿ ಎಂದು ಅಚ್ಚಣ್ಣ ತನ್ನ ಕಡೆಯಿಂದ ಬೇರೆ ಹರಸಿದ್ದಾನೆ. ನಾನು ಚಿಕ್ಕವಳು, ಹರಸುವ ಹಾಗಿಲ್ಲ. ನೀನು ಬಾ ಎಂದಷ್ಟೇ ಬೇಡಿಕೊಳ್ಳುತ್ತೇನೆ.

ಇಂತಿ ನಿನ್ನ ಪ್ರೀತಿಯ
ತಂಗಿ

ಮರೆತ ಮಾತು: ಮರೆತಿರಲಿಲ್ಲ, ಅಕ್ಕಾ. ಐದು ಸಲ ಹಾಳೆ ಹರಿದದ್ದು ಇದಕ್ಕೇ.

ಆ ದಿನ ಎರಡು ಗಂಟೆಗೆ ಅಂಚೆಯವನು ಬಂದ. ನೀನು ಓದಿ, ‘ಹೆದರಬೇಡ, ಕಳಿಸೇ’ ಎಂದು ಹುರಿದುಂಬಿಸಿದ್ದ ನನ್ನ ಕಥೆಯನ್ನು ಪತ್ರಿಕೆಯವರು ವಾಪಸು ಕಳಿಸಿದ್ದರು. ಅದನ್ನು ಹಿಡಿದುಕೊಂಡು ಮಣ್ಣಿನ ಚೀಲಗಳ ಕೋಣೆಗೆ ಹೋಗಿ ಕೂತೆ. ಎಲ್ಲಿ ತಪ್ಪಿದೆ ಎಂದು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದೆ, ಸ್ವಲ್ಪ ಅತ್ತೆ. ಗೋಡೆಯಾಚೆಯಿಂದ ಅಪ್ಪ, “ಹೊಗೆ ಹೇಗಿದೆಯೇ? ಮೂರೂವರೆ ಆಯ್ತು” ಎಂದು ಕೂಗಿದಾಗಲೇ ನನಗೆ ಎಚ್ಚರವಾದದ್ದು. ತಡವಾಯಿತೆಂಬ ಗಾಬರಿಯಲ್ಲಿ ಬೆಂಚಿನವರೆಗೂ ಹೋಗದೆ, ನಿಂತಲ್ಲೇ ಮೂರು ಸಾಲು ಒಟ್ಟಿಗೆ ಬರೆದು, ಅಳುಮುಖ ಕಾಣದಂತೆ ಪುಸ್ತಕವನ್ನು ಅಪ್ಪನ ಎದುರು ಹಿಡಿದೆ. ಅವರು ಓದಿ, ತಲೆಯಾಡಿಸಿ, ಬರ್ನರ್ ತಿರುಗಿಸಿದರು. ಒಂದೇ ಸುತ್ತು. ಅವರ ಕಣ್ಣೂ ಸರಿಯಿತ್ತು, ಕೈಯೂ ಸರಿಯಿತ್ತು.

ಆಮೇಲೆ ಬೆಂಚಿಗೆ ಬಂದು ತಲೆ ಎತ್ತಿದೆ. ಚಿಮಣಿಯ ಬಾಯಿಂದ ಹಳದಿ ಹೊಗೆ ಹಗ್ಗದಂತೆ ಹೊಸೆದುಕೊಂಡು ಏಳುತ್ತಿತ್ತು. ಆಗಲಾದರೂ ಕೂಗಬಹುದಿತ್ತು. ಉರಿ ಇಳಿಸಿದ್ದರೆ ಅರ್ಧ ಗೂಡಾದರೂ ಉಳಿಯುತ್ತಿತ್ತೋ ಏನೋ. ತಾನಾಗಿಯೇ ತೆಳುವಾದೀತು ಎಂದು ಕಾದು ಕೂತೆ. ಎರಡು ದಿನದ ಮೇಲೆ ನೀನು ಪುಸ್ತಕ ನನ್ನ ಕೈಗೆ ಕೊಟ್ಟಾಗಲೂ ಬಾಯಿ ಬಿಡಲಿಲ್ಲ. ಮೂರು ವರ್ಷ ಬಿಡಲಿಲ್ಲ. ನಾಚಿಕೆ ಸ್ವಭಾವ ಎಂದು ಎಲ್ಲರೂ ನನ್ನನ್ನು ಬಿಟ್ಟುಬಿಡುತ್ತಾರೆ. ನಾನೂ ಅದರ ಹಿಂದೆ ಅಡಗಿ ಕೂತೆ. ಆ ಕಡೆ ನೀನು ಮಣ್ಣು ಬಿಟ್ಟೆ, ಈ ಕಡೆ ಅಪ್ಪ ಬೆಂಕಿ ಬಿಟ್ಟರು.

ಆ ಪುಟವನ್ನು ಕಿತ್ತು ಇದರ ಜೊತೆ ಇಟ್ಟಿದ್ದೇನೆ. ನೀನೇ ನೋಡು. ಬೆಳಗಿನಿಂದ ಎರಡು ಗಂಟೆಯವರೆಗೆ ದಿಂಬು, ಅಕ್ಕಿ ತೊಳೆದ ನೀರು, ಹಳೆಯ ಹಲ್ಲಿನ ಬಣ್ಣ, ಏನೇನೋ ಇವೆ. ಕೆಳಗಿನ ಮೂರು ಸಾಲು ಮಾತ್ರ ‘ತೆಳು’, ‘ಇನ್ನೂ ತೆಳು’, ‘ಇಲ್ಲ’. ನೋಡದೆ ಬರೆದವಳಿಗೆ ಯಾವ ಹೋಲಿಕೆಯೂ ಹೊಳೆದಿಲ್ಲ. ನೀನು ಆವತ್ತು ಇನ್ನೊಂದು ಗಳಿಗೆ ಪುಸ್ತಕ ನೋಡಿದ್ದರೆ ಕಂಡುಹಿಡಿಯುತ್ತಿದ್ದೆ. ನನ್ನ ಮೇಲಿನ ನಂಬಿಕೆಯಿಂದ ಮುಚ್ಚಿಬಿಟ್ಟೆ.

ಸಂಜೆ ಅಪ್ಪನಿಗೆ ಇದನ್ನು ಓದಿ ಹೇಳಬೇಕು. ಕೊನೇ ಅಕ್ಷರದ ತನಕ ಅಂದಿದ್ದಾರೆ. ಲಕೋಟೆಯನ್ನು ಬಿಸಾಡಿದ್ದರೆ ಹೆಕ್ಕಿಕೊಂಡು ನೋಡು. ನಿನ್ನ ಹೆಸರು ಅಪ್ಪನ ಸೊಟ್ಟ ಅಕ್ಷರದಲ್ಲಿದ್ದರೆ, ಇದಿಷ್ಟನ್ನೂ ಅವರು ನನ್ನ ಬಾಯಿಂದಲೇ ಕೇಳಿದ್ದಾರೆ. ನನ್ನ ಅಕ್ಷರದಲ್ಲಿದ್ದರೆ, ಓದಲು ಕೂತು ಮತ್ತೆ ‘ನಾವೆಲ್ಲ ಚೆನ್ನಾಗಿದ್ದೇವೆ’ ಎಂಬಲ್ಲಿಗೆ ನಿಂತುಬಿಟ್ಟೆ ಎಂದು ತಿಳಿ. ಆಗ ನೀನೇ ಫೋನ್ ಮಾಡಿ ಹೇಳಿಬಿಡು. ಅಮ್ಮನಿಗಲ್ಲ, ಅಪ್ಪನಿಗೆ. ಗಡಿಯಾರದ ಹತ್ತಿರವೇ ಇರುತ್ತಾರೆ.